ಲಿನಕ್ಸ್ ಹಾಕುವ ಮೊದಲು ಆಪ್‌ಗಳನ್ನು ಬದಲಾಯಿಸಿ

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತುಹೋದವು. ಅಪ್ಪನದ್ದೋ ಅತ್ತೆಯದ್ದೋ ಹಳೇ ಲ್ಯಾಪ್‌ಟಾಪ್ ವಿಂಡೋಸ್ 11 ಒಪ್ಪುತ್ತಿಲ್ಲ ಅಂತ ಅದನ್ನು ಗುಜರಿಗೆ ಹಾಕಬೇಡಿ. ಹಾಗಂತ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಅನ್ನು ಇವತ್ತೇ ಹಾಕಿ ಕೈಗೆ ಕೊಡಲೂಬೇಡಿ.

ಮೊದಲು ಈಗಿರುವ ವಿಂಡೋಸ್‌ನಲ್ಲೇ ಫೈರ್‌ಫಾಕ್ಸ್ (ಬ್ರೌಸರ್), ಲಿಬ್ರೆಆಫೀಸ್ (ವರ್ಡ್, ಎಕ್ಸೆಲ್ ಬದಲಿಗೆ), ವಿಎಲ್‌ಸಿ (ವಿಡಿಯೋ ನೋಡಲು) ಹಾಕಿ, ಒಂದಷ್ಟು ವಾರ ಅವನ್ನೇ ಬಳಸಲು ಬಿಡಿ. ಇವು ಲಿನಕ್ಸ್‌ನಲ್ಲೂ ಸಿಗುತ್ತವೆ. ಹೊಸಬರಿಗೆ ಆಪರೇಟಿಂಗ್ ಸಿಸ್ಟಮ್ ಗೊತ್ತಾಗುವುದೇ ಕಡಿಮೆ, ಅವರಿಗೆ ಗೊತ್ತಿರುವುದು ಪತ್ರ ಬರೆಯುವ ಕಿಟಕಿ, ಫೋಟೋ ನೋಡುವ ಕಿಟಕಿ. ಅವು ಹಾಗೇ ಇದ್ದರೆ ಕೆಳಗಿನ ಸಿಸ್ಟಮ್ ಬದಲಾದರೂ ಗಾಬರಿಯಾಗುವುದಿಲ್ಲ.

ಈ ವಾರಗಳಲ್ಲೇ ಕನ್ನಡದ ಕೆಲಸ ಮುಗಿಸಿಕೊಳ್ಳಿ. ಇದನ್ನೇ ಜಾಸ್ತಿ ಜನ ಮರೆಯುವುದು. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಸಂಘದ ಲೆಕ್ಕ, ಮದುವೆಯ ಪಟ್ಟಿ ಎಲ್ಲಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಾಯಿಸಿ, ಒಂದೆರಡು ಕಡತ ತೆರೆದು ಒತ್ತಕ್ಷರ ಸರಿಯಿದೆಯಾ ನೋಡಿ.

ಆಮೇಲೆ ಲಿನಕ್ಸ್‌ನ ಹಲವು ಬಗೆಗಳಲ್ಲಿ ಒಂದಾದ ಲಿನಕ್ಸ್ ಮಿಂಟ್ ಹಾಕಿ. ಬೇರೆ ಹತ್ತು ಹೆಸರು ಹುಡುಕುತ್ತಾ ಕೂರಬೇಡಿ. 4 ಜಿಬಿ ರ್‍ಯಾಮ್ ಅಥವಾ ಹೆಚ್ಚಿದ್ದರೆ ಮಿಂಟ್‌ನ ಸಿನಮನ್ ಆವೃತ್ತಿ, ಅದಕ್ಕಿಂತ ಕಡಿಮೆ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಳೇ ಹಾರ್ಡ್ ಡಿಸ್ಕ್ ಇದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಒಂದು ಎಸ್‌ಎಸ್‌ಡಿ ಹಾಕಿಸಿ, ವೇಗದ ವಿಷಯದಲ್ಲಿ ಲಿನಕ್ಸ್‌ಗಿಂತ ಅದೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ವೈಫೈ, ಸೌಂಡ್, ಪ್ರಿಂಟರ್ ಪರೀಕ್ಷಿಸಿ. ಎಚ್‌ಪಿ ಪ್ರಿಂಟರ್‌ಗಳು ಸಾಮಾನ್ಯವಾಗಿ ಸುಲಭ. ಆದರೆ ನಮ್ಮ ಕಡೆ ಎಲ್ಲಾ ಜೆರಾಕ್ಸ್ ಅಂಗಡಿಯಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900ಗೆ ಬೇರೆ ಡ್ರೈವರ್ ಬೇಕು, ಅದನ್ನು ಹಾಕುವುದು ಹೊಸಬರ ಕೆಲಸವಲ್ಲ, ನೀವೇ ಕೂತು ಮಾಡಿಕೊಡಬೇಕು.

ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಡಾಂಗಲ್ ಹಾಕಿ ಜಿಎಸ್‌ಟಿ ಕೆಲಸ ಮಾಡುವವರು ವಿಂಡೋಸ್‌ನಲ್ಲೇ ಇರಲಿ. ಅವರನ್ನು ಒತ್ತಾಯಿಸಿದರೆ ಲಿನಕ್ಸ್‌ಗೇ ಕೆಟ್ಟ ಹೆಸರು, ಅಲ್ವಾ?

ಇನ್‌ಸ್ಟಾಲ್ ಮುಗಿದ ಮೇಲೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ ತೆರೆದು ಕನ್ನಡ ಕಗಪ ಸೇರಿಸಿ. ನುಡಿ ಕೀಲಿಮಣೆ ಗೊತ್ತಿದ್ದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ವರ್ಡ್‌ನ ಡಾಕ್‌ಎಕ್ಸ್ ಕಡತಗಳೇ ಜಾಸ್ತಿ ಬರುವ ಮನೆಯಾದರೆ ಲಿಬ್ರೆಆಫೀಸ್ ಅದೇ ರೂಪದಲ್ಲಿ ಸೇವ್ ಮಾಡುವಂತೆ ಇಟ್ಟುಬಿಡಿ, ಕಳಿಸಿದ ಕಡತ ಆ ಕಡೆ ತೆರೆಯುತ್ತಿಲ್ಲ ಅನ್ನುವ ಫೋನುಗಳು ಕಡಿಮೆಯಾಗುತ್ತವೆ. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ಕೂಡ ಆನ್ ಮಾಡಿ. ಆದರೆ ಅದು ಸಿಸ್ಟಮ್ ಅನ್ನು ಮಾತ್ರ ಹಿಂದಿನ ಸ್ಥಿತಿಗೆ ತರುತ್ತದೆ, ಮೊಮ್ಮಕ್ಕಳ ಫೋಟೋಗಳನ್ನು ಕಾಯುವುದಿಲ್ಲ. ಅವಕ್ಕೆ ಬೇರೆ ಡಿಸ್ಕ್‌ನಲ್ಲಿ ಒಂದು ಪ್ರತಿ ಇರಲೇಬೇಕು.