ಕಾರ್ಡಿಯೋನ್ಯೂರೋಅಬ್ಲೇಷನ್: ಸುಡುವುದಕ್ಕಿಂತ ರೋಗಿಯನ್ನು ಆರಿಸುವುದೇ ಕಷ್ಟ

ಪದೇ ಪದೇ ಎಚ್ಚರ ತಪ್ಪಿ ಬೀಳುವವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ: ‘ಡಾಕ್ಟ್ರೇ, ಪೇಸ್‌ಮೇಕರ್ ಇಲ್ಲದೆ ಆಗಲ್ವಾ?’ ಬಡಿತ ತಗ್ಗಿಸುವ ವೇಗಸ್ ನರದ ಗಂಟುಗಳನ್ನು ಹೃದಯದಲ್ಲೇ ಸುಡುವ ಚಿಕಿತ್ಸೆ, ಅಂದರೆ ಕಾರ್ಡಿಯೋನ್ಯೂರೋಅಬ್ಲೇಷನ್, ಮಾಡಿದರೆ ಕೆಲವರಿಗೆ ಆಗುತ್ತದೆ, ಎಲ್ಲರಿಗೂ ಅಲ್ಲ.

ಬೀಳುವಾಗ ಹೃದಯ ನಿಲ್ಲುತ್ತದೋ, ಬರೀ ಬಿಪಿ ಇಳಿಯುತ್ತದೋ? ಮೊದಲು ಅದು ಗೊತ್ತಾಗಬೇಕು. ಟಿಲ್ಟ್ ಟೇಬಲ್ ಮೇಲೆ 60–70 ಡಿಗ್ರಿ ಎತ್ತಿ ನಿಲ್ಲಿಸಿದಾಗ ಬಡಿತ 3 ಸೆಕೆಂಡಿಗಿಂತ ಜಾಸ್ತಿ ನಿಂತರೆ, ಇಲ್ಲವೇ ಚರ್ಮದಡಿ ಇಟ್ಟ ರೆಕಾರ್ಡರ್‌ನಲ್ಲಿ ಅಂಥದ್ದು ಸಿಕ್ಕರೆ ಮಾತ್ರ ಮುಂದುವರಿಯುತ್ತೇನೆ. ಬರೀ ಬಿಪಿ ಇಳಿಯುವವರಲ್ಲಿ ಸಡಿಲವಾಗುವುದು ರಕ್ತನಾಳ. ಹೃದಯದಲ್ಲಿ ಸುಮ್ನೆ ಸುಟ್ಟು ಏನು ಪ್ರಯೋಜನ?

ಇನ್ನೊಂದು ದಿನ, ವೇಗಸ್‌ನ ಪ್ರಭಾವ ತಡೆಯುವ ಅಟ್ರೊಪಿನ್ ಔಷಧಿ ಕೊಟ್ಟು ನೋಡುತ್ತೇನೆ. ಬಡಿತ ಚೆನ್ನಾಗಿ ಏರಿದರೆ ಬಡಿತ ಹುಟ್ಟಿಸುವ ಸೈನಸ್ ನೋಡ್ ಗಟ್ಟಿಯಿದೆ, ಅದನ್ನು ಅದುಮುತ್ತಿರುವುದು ವೇಗಸ್ ನರ. ಏರದಿದ್ದರೆ ಪೇಸ್‌ಮೇಕರ್ ಬಗ್ಗೆಯೇ ಯೋಚಿಸಬೇಕು. ಅಬ್ಲೇಷನ್ ದಿನ ಮಾತ್ರ ಅಟ್ರೊಪಿನ್ ಮುಟ್ಟುವುದಿಲ್ಲ. ಕೊಟ್ಟರೆ ಅವತ್ತಿನ ಪರೀಕ್ಷೆಯೇ ಕೆಡುತ್ತದೆ.

ಆ ಪರೀಕ್ಷೆ ಹೀಗೆ. ಒಂದು ಕ್ಯಾತಿಟರನ್ನು (ತೆಳು ಕೊಳವೆಯನ್ನು) ಕುತ್ತಿಗೆಯ ಜುಗುಲಾರ್ ಸಿರೆಯೊಳಗೆ ಮೇಲಕ್ಕೇರಿಸಿ, ಪಕ್ಕದ ವೇಗಸ್‌ಗೆ ವಿದ್ಯುತ್ ಕೊಡುತ್ತೇವೆ. ಮಾನಿಟರ್‌ನಲ್ಲಿ ಗೆರೆ ಚಪ್ಪಟೆಯಾಗುತ್ತದೆ. ರೋಗಿಗೆ ಪೂರ್ತಿ ಅರಿವಳಿಕೆ ಇರುತ್ತದೆ, ಪೇಸಿಂಗ್ ತಂತಿ ಸಿದ್ಧವಿರುತ್ತದೆ. ಆದರೂ ಆ ಕೆಲವು ಸೆಕೆಂಡು ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ವೇಗಸ್‌ನ ನರಗಂಟುಗಳು ಹೃತ್ಕರ್ಣದ ಹೊರಮೈಯ ಕೊಬ್ಬಿನಲ್ಲಿರುತ್ತವೆ. ತೊಡೆಸಂದಿಯಿಂದ ಹೋಗಿ, ಹೃತ್ಕರ್ಣಗಳ ನಡುಗೋಡೆ ದಾಟಿ, ಒಳಗಿನಿಂದ ಕಾವು ಕೊಡುತ್ತೇನೆ. ಶುರುವಾಗುವುದು ಶ್ವಾಸಕೋಶದಿಂದ ರಕ್ತ ತರುವ ಬಲ ಮೇಲಿನ ಪಲ್ಮನರಿ ಸಿರೆಯ ಬಾಯಿಯ ಮುಂದೆ. ಅಲ್ಲಿ ಸಿಗ್ನಲ್ ಚೂರುಚೂರಾಗಿ ಬರುತ್ತದೆ. ಗಂಟು ಸಿಕ್ಕರೆ ಕಾವು ತಗಲುತ್ತಿದ್ದಂತೆ ಬಡಿತ ಏರುತ್ತದೆ. ದೇಹದ ಮೇಲ್ಭಾಗದ ರಕ್ತ ತರುವ ದೊಡ್ಡ ಸಿರೆ ಸುಪೀರಿಯರ್ ವೀನಾ ಕೇವಾ ಬಳಿ ಮಾತ್ರ ಅವಸರ ಮಾಡುವುದಿಲ್ಲ. ಪಕ್ಕದಲ್ಲೇ ವಪೆಯನ್ನು ಆಡಿಸುವ ಫ್ರೆನಿಕ್ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಉಸಿರಾಟಕ್ಕೇ ತೊಂದರೆ. ಕೊನೆಗೆ ಮತ್ತೆ ವೇಗಸ್ ಕೆಣಕುತ್ತೇನೆ. ಬಡಿತ ನಿಲ್ಲದಿದ್ದರೆ ಕೆಲಸ ಮುಗಿದಂತೆ.

ಬ್ರೆಜಿಲ್‌ನ ಪಾಶೋನ್ ತಂಡ 2005ರಲ್ಲಿ ಪ್ರಕಟಿಸಿದ ವಿಧಾನವಿದು. ವೇಗಸ್‌ನ ಕೊನೆಯ ಹಂತದ ಜೀವಕೋಶಗಳು ಹೃದಯದ ಮೇಲೆಯೇ ಇವೆ, ಹಾಗಾಗಿ ಸುಟ್ಟವು ಮತ್ತೆ ಬೆಳೆಯುವುದು ಕಷ್ಟ ಎನ್ನುವುದೇ ಇದರ ತರ್ಕ. 2023ರಲ್ಲಿ ಪ್ರಕಟವಾದ 48 ಜನರ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಮತ್ತೆ ಬಿದ್ದವರು ಅಬ್ಲೇಷನ್ ಗುಂಪಿನಲ್ಲಿ 8%, ಅಬ್ಲೇಷನ್ ಮಾಡದ ಗುಂಪಿನಲ್ಲಿ 54%. ಖುಷಿಯ ಅಂಕಿಯೇ. ಆದರೆ ಯಾರಿಗೆ ಚಿಕಿತ್ಸೆ ಸಿಕ್ಕಿತೆಂದು ರೋಗಿಗಳಿಗೆ ಗೊತ್ತಿತ್ತು, ಅದಕ್ಕೇ ನಾನು ಜಾಸ್ತಿ ಹಿಗ್ಗುವುದಿಲ್ಲ.

ಸುಮ್ಮನೆ ಕೂತಿದ್ದಾಗಲೂ ಎದೆ ಬೇಗ ಬಡಿಯುತ್ತದೆ ಎಂದು ಆಮೇಲೆ ಕೆಲವರು ದೂರುತ್ತಾರೆ. ಹೀಗಾಗಬಹುದು ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಹೇಳಿರುತ್ತೇನೆ.