ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರೇ, ನಿಮ್ಮ ಸಹಿಯಿಂದ ಅಗ್ರಿಮೆಂಟ್ ಆಗುವುದಿಲ್ಲ

ಮಾರ್ಟ್‌ಗೇಜ್ (ಮನೆ ಸಾಲ) ಹೇಗೆ ಸಿಗುತ್ತದೆ ಎಂಬುದು ನಿಮಗೆ ಗೊತ್ತಿದೆ, ಅದನ್ನು ಬಿಡುತ್ತೇನೆ. ನಾನು ಮಾಡಿದ ತಪ್ಪನ್ನೇ ಮೊನ್ನೆ ಪರಿಚಯದ ದಂಪತಿ ಮಾಡಿ ಕಂಗಾಲಾಗಿದ್ದಾರೆ.

ಊರಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರೆ, ಮಾರುವವರು ಕೈಕೊಟ್ಟರೂ ಕೋರ್ಟಿದೆ ಎಂಬ ಧೈರ್ಯವಿರುತ್ತದೆ. ಆ ಧೈರ್ಯದಲ್ಲೇ ನಾನು, ಮಾಲೀಕರು ನನ್ನ ಆಫರ್ ಒಪ್ಪಿದರೆಂದು ಸರ್ವೆ (ಮನೆಯ ಸ್ಥಿತಿಯ ತಪಾಸಣೆ) ಮಾಡಿಸಿದೆ, ನನ್ನ ಸಾಲಿಸಿಟರ್, ಅಂದರೆ ವಕೀಲರು, ಕಳಿಸಿದ ಕರಾರಿಗೆ ಸಹಿ ಹಾಕಿದೆ, ಬಾಡಿಗೆ ಮನೆಗೂ ನೋಟಿಸ್ ಕೊಟ್ಟೆ. ಅಷ್ಟರಲ್ಲಿ ಮಾಲೀಕರು ಹೆಚ್ಚು ಬೆಲೆ ಹೇಳಿದ ಇನ್ನೊಬ್ಬರ ಕಡೆ ತಿರುಗಿದರು. ಕೇಸ್ ಹಾಕೋಣ ಎಂದೆ. "ಎಕ್ಸ್‌ಚೇಂಜ್ (ಕರಾರಿನ ವಿನಿಮಯ) ಆಗಿಲ್ಲ, ಯಾವ ಕರಾರಿನ ಮೇಲೆ ಹಾಕುತ್ತೀರಿ?" ಎಂದರು ಸಾಲಿಸಿಟರ್. ಸರ್ವೆ, ಸರ್ಚ್ (ಮನೆಯ ದಾಖಲೆಗಳ ತಪಾಸಣೆ), ವಕೀಲರ ಫೀಸು, ಎಲ್ಲ ಹೋಯಿತು.

1989ರ ಕಾನೂನಿನ ಪ್ರಕಾರ ಜಮೀನು, ಮನೆ ಮಾರಾಟದ ಕರಾರು ಬರವಣಿಗೆಯಲ್ಲೇ ಇರಬೇಕು, ಒಪ್ಪಿದ ಷರತ್ತೆಲ್ಲ ಅದರಲ್ಲಿರಬೇಕು, ಎರಡೂ ಕಡೆಯವರ ಸಹಿ ಇರಬೇಕು. ಬಾಯಿಮಾತಿಗೆ ಬೆಲೆಯಿಲ್ಲ. ಎರಡೂ ಕಡೆಯವರು ಒಂದೊಂದು ಪ್ರತಿಗೆ ಸಹಿ ಹಾಕಿದರೂ ಅವು ಅವರವರ ಸಾಲಿಸಿಟರುಗಳ ಬಳಿಯೇ ಕೂತಿರುತ್ತವೆ. ಆ ಸಾಲಿಸಿಟರುಗಳಿಬ್ಬರೂ, ಸಾಮಾನ್ಯವಾಗಿ ಫೋನಿನಲ್ಲೇ, "ಎಕ್ಸ್‌ಚೇಂಜ್" ಎಂದು ತಾರೀಖು, ಗಂಟೆ ಬರೆದುಕೊಂಡ ಕ್ಷಣಕ್ಕೆ ಕರಾರು ಹುಟ್ಟುತ್ತದೆ. ಅಲ್ಲಿಯವರೆಗೆ ಯಾರು ಬೇಕಾದರೂ ಕಾರಣ ಕೊಡದೆ ಎದ್ದು ಹೋಗಬಹುದು. ಇದು ಕೊಳ್ಳುವವರಿಗೆ ಅನ್ಯಾಯ, ನನಗೆ ಅನುಮಾನವೇ ಇಲ್ಲ.

ಎಕ್ಸ್‌ಚೇಂಜ್ ಆದಮೇಲೆ ಮಾತ್ರ ಇಲ್ಲಿನ ಪದ್ಧತಿಯೇ ಮೇಲು. ಮಾರುವವರು ಹಿಂದೆ ಸರಿದರೆ ಮನೆಯನ್ನೇ ಕೊಡಿಸುವಂತೆ ಕೋರ್ಟನ್ನು ಕೇಳಬಹುದು. ಒಂದು ಮನೆಯಂಥದ್ದು ಇನ್ನೊಂದಿಲ್ಲ, ಪರಿಹಾರದ ಹಣ ಅದಕ್ಕೆ ಸಾಟಿಯಲ್ಲ ಎಂಬುದು ಇಲ್ಲಿನ ನ್ಯಾಯಾಲಯಗಳ ಹಳೆಯ ನಿಲುವು. ಆದರೆ ಹಣ ಸಿದ್ಧವಿರಬೇಕು, ತಡ ಮಾಡಬಾರದು. ಮನೆಯನ್ನು ಮೂರನೆಯವರಿಗೆ ಮಾರಿದರೂ ನಿಮ್ಮ ಹಕ್ಕು ಉಳಿಯುವಂತೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಕರಾರಿನ ನೋಟಿಸ್ ದಾಖಲಿಸಲು ಸಾಲಿಸಿಟರಿಗೆ ಅಂದೇ ಹೇಳಿ.

ಅದೇ ಹಗ್ಗ ನಿಮ್ಮನ್ನೂ ಬಿಗಿಯುತ್ತದೆ. ಎಕ್ಸ್‌ಚೇಂಜ್ ಆದಮೇಲೆ ಬ್ಯಾಂಕ್ ಸಾಲ ತಪ್ಪಿ ಗೊತ್ತಾದ ದಿನ ಹಣ ಕಟ್ಟಲಾಗದಿದ್ದರೆ, ವ್ಯವಹಾರ ಮುಗಿಸಿ ಎಂದು ಮಾರುವವರ ಕಡೆಯಿಂದ ಕೊನೆಯ ನೋಟಿಸ್ ಬರಬಹುದು. ಸಾಮಾನ್ಯ ಕರಾರುಗಳಲ್ಲಿ ಅದಕ್ಕೆ 10 ಕೆಲಸದ ದಿನಗಳ ಗಡುವು. ಮೀರಿದರೆ ಎಕ್ಸ್‌ಚೇಂಜ್ ವೇಳೆ ಕಟ್ಟಿದ ಡಿಪಾಸಿಟ್ಟನ್ನು (ಮುಂಗಡ ಹಣ) ಮಾರುವವರು ಮುಟ್ಟುಗೋಲು ಹಾಕಿಕೊಳ್ಳಬಹುದು. "ಬೆಲೆಯ ಶೇ 5 ಮಾತ್ರ ಕೊಟ್ಟಿದ್ದೇವಲ್ಲ" ಎಂದು ಸಮಾಧಾನ ಮಾಡಿಕೊಳ್ಳಬೇಡಿ, ನೋಟಿಸ್ ಬಂದ ಕೂಡಲೇ ಶೇ 10ಕ್ಕೆ ಕಡಿಮೆ ಬಿದ್ದದ್ದನ್ನು ಕಟ್ಟಬೇಕೆಂದು ಆ ಷರತ್ತುಗಳಲ್ಲೇ ಬರೆದಿರುತ್ತದೆ.

ಬ್ಯಾಂಕಿನ ಮಾರ್ಟ್‌ಗೇಜ್ ಆಫರ್ ಲಿಖಿತವಾಗಿ ಕೈಗೆ ಬರುವ ತನಕ ಎಕ್ಸ್‌ಚೇಂಜಿಗೆ ಒಪ್ಪಬೇಡಿ. ಎಕ್ಸ್‌ಚೇಂಜ್ ಆಯಿತೆಂದು ತಾರೀಖು, ಗಂಟೆ ಸಮೇತ ಸಾಲಿಸಿಟರಿಂದ ಇಮೇಲ್ ಬರುವ ತನಕ ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ.