ಘಾಟಿ ಜಾತ್ರೆಯಲ್ಲಿ ನಾನು ಹೋರಿ ಮಾರಿದ್ದು

ಜಾತ್ರೆಗೆ ಹೊರಡುವ ಹಿಂದಿನ ದಿನ ಹೋರಿಗಳಿಗೆ ಲಾಳ ಹೊಡೆಸಿದ್ದೇ ನಾನು ಮಾಡಿದ ತಪ್ಪು. ಹೊಸ ಲಾಳ ಇದ್ದರೆ ಕಾಲು ಲಕ್ಷಣವಾಗಿ ಕಾಣುತ್ತದೆ, ಕೊಳ್ಳುವವರಿಗೂ ಒಂದು ಖರ್ಚು ಉಳಿಯುತ್ತದೆ ಅಂತ ನನ್ನ ಲೆಕ್ಕ. ಚಿಕ್ಕಪ್ಪ ಬೇಡ ಅಂದಿದ್ದರು. ನಾನು ಕೇಳಲಿಲ್ಲ.

ನಮ್ಮದು ಹೆಸರಘಟ್ಟದ ಕಡೆ ಎರಡು ಎಕರೆ. ಎರಡು ವರ್ಷದ ಹಿಂದೆ ಇದೇ ಘಾಟಿ ಸುಬ್ರಹ್ಮಣ್ಯ ಜಾತ್ರೆಯಲ್ಲಿ ಹಾಲುಹಲ್ಲಿನ ಹಳ್ಳಿಕಾರ್ ತಳಿಯ ಕರುಗಳ ಜತೆಯೊಂದನ್ನು 58 ಸಾವಿರಕ್ಕೆ ತಂದಿದ್ದೆ. ನಮ್ಮ ಸೀಮೆಯಲ್ಲಿ ಇದು ಹಳೇ ಕಸುಬು. ಕರು ತಂದು ಸಾಕಿ, ಗಾಡಿಗೆ ಪಳಗಿಸಿ, ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಹಾಕಿದ ಮೇಲೆ ಮಾರುವುದು. ಕೊಳ್ಳುವವರು ಜಾಸ್ತಿ ಹಾವೇರಿ, ಬಳ್ಳಾರಿ, ರಾಯಚೂರು ಕಡೆಯವರು. ಆಂಧ್ರದಿಂದಲೂ ಬರುತ್ತಾರೆ. ಈ ಸಲ ಜಾತ್ರೆಗೆ ಹೊರಡುವಾಗ ನಮ್ಮ ಜತೆ ನಾಲ್ಕು ಹಲ್ಲು ಹಾಕಿತ್ತು. ಅಂದರೆ ವಯಸ್ಸು ಸುಮಾರು ಮೂರು.

ಪುಷ್ಯ ಶುದ್ಧ ಷಷ್ಠಿಯ ದಿನ ಅಲ್ಲಿ ತೇರು. ದನಗಳು ಅದಕ್ಕೆ ವಾರಕ್ಕೂ ಮುಂಚೆಯೇ ಸೇರುತ್ತವೆ. ವ್ಯಾಪಾರವೂ ಆ ದಿನಗಳಲ್ಲೇ. ತೇರಿನ ಹೊತ್ತಿಗೆ ಒಳ್ಳೇ ಗಿರಾಕಿಗಳು ಹೋಗಿಬಿಟ್ಟಿರುತ್ತಾರೆ. ಕಾಲುಬಾಯಿ ರೋಗದ ಲಸಿಕೆಯನ್ನು ತಿಂಗಳ ಮುಂಚೆಯೇ ಹಾಕಿಸಿದ್ದೆ. ಅದೊಂದು ಕೆಲಸ ಸರಿಯಾಗಿ ಮಾಡಿದ್ದೆ ಅನ್ನಿ. 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಜಾತ್ರೆಗಳಿಗೇ ತಡೆ ಬಿತ್ತಲ್ವಾ, ಆಮೇಲೆ ಕಿವಿಗೆ ಹಾಕುವ ನಂಬರಿನ ಓಲೆ, ಲಸಿಕೆ ಬಗ್ಗೆ ಎಲ್ಲರೂ ಕೇಳುತ್ತಾರೆ.

ಬೆಳಗಿನ ಜಾವ ಟೆಂಪೋದಲ್ಲಿ ರಾಜಾನುಕುಂಟೆ, ದೊಡ್ಡಬಳ್ಳಾಪುರ ದಾಟಿ ಹೋದೆವು. ಇಳಿಸುವಾಗಲೇ ಎಡಗಡೆಯ ಹೋರಿ ಹಿಂಗಾಲನ್ನು ಹುಷಾರಾಗಿ ಊರಿತು. ಪ್ರಯಾಣದಲ್ಲಿ ಜೋಮು ಹಿಡಿದಿರಬೇಕು ಅಂದುಕೊಂಡೆ. ಗೂಟ ಹೊಡೆದು, ರಾಗಿ ಹುಲ್ಲು ಹರಡಿ, ಮೈ ತಿಕ್ಕಿದೆ. ಕೊಂಬಿಗೆ ಎಣ್ಣೆ ಸವರಿದೆ, ಹೊಸ ಗೊಂಡೆ ಕಟ್ಟಿದೆ, ಕೊರಳಿಗೆ ಗಂಟೆ ಹಾಕಿದೆ. ಎಷ್ಟು ಚೆನ್ನಾಗಿ ಕಾಣುತ್ತಿದ್ದವು ಅಂದರೆ ಸುಮ್ನೆ ಹೋಗುವವರೂ ನಿಂತು ಫೋಟೊ ತೆಗೆಯುತ್ತಿದ್ದರು. ಪಕ್ಕದ ಪೆಂಡಾಲ್‌ನವರ ಜತೆಯ ಹತ್ತಿರ ಒಬ್ಬರೂ ಫೋಟೊ ತೆಗೆಯಲಿಲ್ಲ. ಅದು ಮಧ್ಯಾಹ್ನಕ್ಕೇ ಮಾರಾಟವಾಯಿತು.

ಹಾವೇರಿ ಕಡೆಯ ಯಜಮಾನರೊಬ್ಬರು ಬಂದರು. ಗೊಂಡೆ, ಗಂಟೆ ಯಾವುದನ್ನೂ ನೋಡಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡಿದರು. ಬೆನ್ನ ಮೇಲೆ ಕೈ ಆಡಿಸಿ, ಶುಭ ಅಶುಭ ಅಂತ ನೋಡುವ ಕೂದಲ ಸುಳಿ ಹುಡುಕಿದರು. ಹಿಂದೆ ಹೋಗಿ ಬಾಲ ಎತ್ತಿದರು. ಆಮೇಲೆ ಒಂದೇ ಮಾತು: "ಸ್ವಲ್ಪ ನಡಿಸ್ರಿ."

ನಡೆಸಿದೆ. ಹತ್ತು ಹೆಜ್ಜೆಗೇ ಕೈ ಎತ್ತಿ ನಿಲ್ಲಿಸಿದರು. "ಯಾಕ್ರೀ, ಹಿಂಗಾಲು ಕುಂಟತೈತಲ್ರೀ?"

ಲಾಳದ ವಿಷಯ ಹೇಳಿದೆ. ನಕ್ಕರು. ಕುಂಟುವ ಹೋರಿಯ ಯಜಮಾನ ಯಾವತ್ತೂ ಲಾಳದ ಕಥೆಯನ್ನೇ ಹೇಳುತ್ತಾನಂತೆ. ನಾನು ಲಕ್ಷದ ಎಂಬತ್ತು ಸಾವಿರ ಹೇಳಿದ್ದೆ. ಅವರು 95 ಸಾವಿರಕ್ಕೆ ಕೇಳಿ ಹೊರಟುಹೋದರು. ಸಂಜೆಯವರೆಗೆ ಇನ್ನೂ ನಾಲ್ಕು ಜನ ಬಂದರು. ನಾಲ್ವರೂ ನಡೆಸಿ ನೋಡಿಯೇ ಹೋದರು. ಜಾತ್ರೆಯಲ್ಲಿ ಇಂಥ ಸುದ್ದಿ ಬೇಗ ಹಬ್ಬುತ್ತದೆ. ನಾನು ಕೊಂಬಿಗೆ ಇನ್ನೊಂದು ಸಲ ಎಣ್ಣೆ ಹಚ್ಚುತ್ತಿದ್ದೆ. ಚಿಕ್ಕಪ್ಪ ಬಟ್ಟಲು ಕಿತ್ತುಕೊಂಡರು. "ಕೊಂಬಲ್ಲಿ ನಡೀತದೇನೋ ಅದು? ಡಾಕ್ಟರನ್ನ ಕರ್ಕೊಂಡು ಬಾ ಹೋಗು."

ಪಶು ವೈದ್ಯರು ಗೊರಸನ್ನು ಒತ್ತಿ ನೋಡಿ ಒಂದು ಮೊಳೆ ತೋರಿಸಿದರು. ಗೊರಸಿನ ಹೊರಪದರದಲ್ಲಿ ಇರಬೇಕಾದ್ದು ಕೂದಲೆಳೆಯಷ್ಟು ಒಳಗೆ, ಜೀವ ಇರುವ ಜಾಗಕ್ಕೆ ತಾಗಿತ್ತು. ಲಾಳ ತೆಗೆಸಿ, ತೊಳೆದು, ಔಷಧಿ ಹಾಕಿದರು. ಎರಡು ದಿನ ನಡೆಸಬೇಡಿ ಅಂದರು. ಲಾಳ ಹೊಡೆಸಲೇಬೇಕಿದ್ದರೆ ಹದಿನೈದು ದಿನ ಮುಂಚೆ ಹೊಡೆಸಿ, ತಪ್ಪಾಗಿದ್ದರೆ ಮನೆಯಲ್ಲೇ ಗೊತ್ತಾಗುತ್ತದೆ ಅಂತಲೂ ಹೇಳಿದರು. ಆ ಮಾತನ್ನೇ ಚಿಕ್ಕಪ್ಪ ಮೊದಲು ಹೇಳಿದ್ದು, ಸ್ವಲ್ಪ ಬೈಗುಳ ಸೇರಿಸಿ.

ಆ ಎರಡು ದಿನ ಕೆಲಸವಿಲ್ಲ. ಡಿಸೆಂಬರ್ ಚಳಿ, ಬೆಳಿಗ್ಗೆ ಮಾಕಳಿದುರ್ಗದ ಬೆಟ್ಟ ಮಂಜಲ್ಲಿ ಕಾಣುವುದೇ ಇಲ್ಲ. ನಾಗರ ಕಲ್ಲುಗಳನ್ನು ಬಳಸಿಕೊಂಡು ದೇವಸ್ಥಾನಕ್ಕೆ ಹೋಗಿ ಬಂದೆವು. ಅಲ್ಲಿ ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಮುಖ ಕಾಣಲಿ ಅಂತ ಕನ್ನಡಿ ಇಟ್ಟಿದ್ದಾರೆ. "ನಮ್ಮ ಗಿರಾಕಿಗಳಿಗೆ ಕನ್ನಡಿ ಬೇಕಾಗಿಲ್ಲ ಬಿಡು" ಅಂದರು ಚಿಕ್ಕಪ್ಪ, ಗರ್ಭಗುಡಿಯ ಎದುರಲ್ಲೇ.

ಉಳಿದ ಹೊತ್ತೆಲ್ಲ ನಾನು ಬೇರೆಯವರ ದನ ನಡೆಯುವುದನ್ನು ನೋಡುತ್ತಾ ಕೂತೆ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಬೀಳುತ್ತದೋ ಇಲ್ಲವೋ, ಜತೆಯ ಎರಡೂ ಒಂದೇ ಅಳತೆಯ ಹೆಜ್ಜೆ ಹಾಕುತ್ತವೋ, ತಿರುಗುವಾಗ ಯಾವುದು ಹಿಂದೆ ಬೀಳುತ್ತದೆ, ಅದನ್ನೇ ನೋಡುತ್ತಿದ್ದೆ. ಎರಡು ವರ್ಷ ಸಾಕಿದರೂ ನಮ್ಮ ಹೋರಿಗಳನ್ನು ಹೀಗೆ ಒಂದು ದಿನವೂ ನೋಡಿರಲಿಲ್ಲ.

ಮೂರನೇ ದಿನ ಗೊಂಡೆ, ಗಂಟೆ ಎಲ್ಲ ಬಿಚ್ಚಿದೆ. ಯಾರಾದರೂ ಹತ್ತಿರ ಬಂದರೆ ಅವರು ಕೇಳುವ ಮುಂಚೆಯೇ ಬಿಚ್ಚಿ ನಡೆಸಿದೆ. ಲಾಳ ತೆಗೆದ ಕಾಲನ್ನು ನಾನೇ ಎತ್ತಿ ತೋರಿಸಿದೆ. ಮಧ್ಯಾಹ್ನ ದಲ್ಲಾಳಿಯೊಬ್ಬರು ಬಳ್ಳಾರಿಯ ಇಬ್ಬರನ್ನು ಕರೆತಂದರು. ಟವಲ್ ಕೆಳಗೆ ಕೈ ಹೋಯಿತು. ಬೆರಳು ಹಿಡಿದು ರೇಟು ಹೇಳುವುದು ಕೇಳಲಿಕ್ಕೆ ಚೆಂದ, ಆದರೆ ಒಂದು ಬೆರಳು ಅಂದರೆ ಸಾವಿರವೋ ಹತ್ತು ಸಾವಿರವೋ ಅಂತ ಮೊದಲೇ ಕೇಳಿಕೊಳ್ಳಬೇಕು. ನಾನು ಕೇಳಿರಲಿಲ್ಲ. ಅವರು ನಾಲ್ಕು ಬೆರಳು ಹಿಡಿದರು. ಲಕ್ಷದ ಮೇಲೆ ನಲವತ್ತು ಅಂತ ನಾನು ತಲೆ ಆಡಿಸಿದೆ. ಅವರ ಮನಸ್ಸಲ್ಲಿ ಇದ್ದದ್ದು ಲಕ್ಷದ ನಾಲ್ಕು ಸಾವಿರ! ಮತ್ತೆ ಅರ್ಧ ಗಂಟೆ ಜಗ್ಗಾಟ. ಕೊನೆಗೆ ಟವಲ್ ತೆಗೆದು ಬಾಯಲ್ಲೇ ಮಾತಾಡಿ 1,32,000ಕ್ಕೆ ಮುಗಿಸಿದೆವು.

ಹುರಳಿ, ಬೂಸಾ, ಹಿಂಡಿಯ ಲೆಕ್ಕ ನಾನು ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಇನ್ನೊಂದು ಜತೆ ತರುವ ಧೈರ್ಯ ಬರುತ್ತಿರಲಿಲ್ಲ.

ಹಳೇ ಹಗ್ಗ ಬಿಚ್ಚಿ ನಾವೇ ಇಟ್ಟುಕೊಂಡೆವು. ಅವರು ಹೊಸ ಹಗ್ಗ ಹಾಕಿ ಹೊಡೆದುಕೊಂಡು ಹೋದರು. ಎರಡೂ ಒಂದೇ ಅಳತೆಯ ಹೆಜ್ಜೆ ಹಾಕುತ್ತಾ ಹೋದವು. ತಿರುಗುವಾಗ ಎಡಗಡೆಯದು ಚೂರು ಹಿಂದೆ ಬೀಳುತ್ತದೆ. ಅವರಿಗೂ ಗೊತ್ತಿರಬೇಕು.

ಮಾರನೇ ದಿನ ಹತ್ತು ಜತೆ ಕರು ನಡೆಸಿ ನೋಡಿ ಒಂದನ್ನು ಆರಿಸಿದೆ. ಟೆಂಪೋ ಹತ್ತಿಸಿದ ಮೇಲೆ ನೋಡಿದರೆ ಚಿಕ್ಕಪ್ಪ ಅದರ ಬೆನ್ನ ಮೇಲೆ ಕೈ ಆಡಿಸುತ್ತಾ ಸುಳಿ ಹುಡುಕುತ್ತಿದ್ದರು, ದುಡ್ಡು ಕೊಟ್ಟಾದ ಮೇಲೆ.